ಅಂತರಜಾಲದಲ್ಲಿ ಕನ್ನಡ ಕಲಿಕೆ: ಮಾತಿನ ಹಿಂದಿನ ಸಂಸ್ಕೃತಿ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಂದ ಉದ್ಯೋಗಕ್ಕಾಗಿ ಹೊರದೇಶ ಸೇರಿದವರ ಮಕ್ಕಳಿಗೆ ಕನ್ನಡ ಬಹುಮಟ್ಟಿಗೆ ಕಲಿತು ಪಡೆಯಬೇಕಾದ ಭಾಷೆ. ದುಬೈಯಲ್ಲಿ 2014ರಲ್ಲಿ ಆರಂಭವಾದ ಕನ್ನಡ ಪಾಠಶಾಲೆಯಂತಹ ಪ್ರಯತ್ನಗಳು ಅಕ್ಷರ, ವ್ಯಾಕರಣಗಳನ್ನು ಕಲಿಸುತ್ತವೆ. ಆದರೆ ಊರಿನ ಅಜ್ಜಿಗೆ ಮೊಬೈಲ್‌ನಲ್ಲಿ ಸಂದೇಶ ಕಳುಹಿಸುವಾಗ ವ್ಯಾಕರಣವೊಂದೇ ಸಾಲದು.

ಸರ್ವನಾಮದ ತೊಡಕು

ಇಂಗ್ಲಿಷಿನಲ್ಲಿ ಎದುರಿನವರಿಗೆಲ್ಲ ಒಂದೇ ಸರ್ವನಾಮ. ಕನ್ನಡದಲ್ಲಿ ನೀನು, ನೀವು, ತಾವು ಎಂಬ ಮೂರು ಮೆಟ್ಟಿಲು. ಸರ್ವನಾಮಗಳಲ್ಲಿ ಅಧಿಕಾರ ಮತ್ತು ಆಪ್ತತೆ ಅಡಗಿರುವುದನ್ನು ರೋಜರ್ ಬ್ರೌನ್, ಆಲ್ಬರ್ಟ್ ಗಿಲ್ಮನ್ 1960ರಲ್ಲೇ ವಿವರಿಸಿದ್ದರು. ಅಪರಿಚಿತ ಹಿರಿಯರಿಗೆ ಏಕವಚನ ಬಳಸಿದರೆ ಅಗೌರವ; ಆದರೆ ಅನೇಕ ಮನೆಗಳಲ್ಲಿ ಅಮ್ಮನಿಗೆ ಏಕವಚನವೇ ಸಲಿಗೆ. ಪುಸ್ತಕ ನೋಡಿ ಎಲ್ಲರಿಗೂ ‘ನೀವು’ ಎಂದು ಬರೆದ ಮಗು ತಪ್ಪು ಮಾಡಿಲ್ಲ. ಆದರೂ ಓದಿದ ತಾಯಿಗೆ ಮಗು ದೂರ ಸರಿದಂತೆ ತೋರಬಹುದು.

ಕುಶಲ ಮತ್ತು ಕೃತಜ್ಞತೆ

‘ಊಟ ಆಯ್ತಾ?’ ಎಂಬುದು ಕುಶಲ ಪ್ರಶ್ನೆ. ಕಲಿಯುವವರು ಅದನ್ನು ಊಟದ ಆಹ್ವಾನವೆಂದು ತಿಳಿಯುವುದುಂಟು. ಬೀಳ್ಕೊಳ್ಳುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವುದು ವಾಡಿಕೆ. ಮನೆಯವರ ನಡುವೆ ‘ಧನ್ಯವಾದಗಳು’ ಎಂಬ ಪದ ಅಪರೂಪ. ಮೊಮ್ಮಗ ಪದೇ ಪದೇ ಹಾಗೆ ಬರೆದರೆ ಅಜ್ಜನಿಗೆ ಅದು ಉಪಚಾರದ ಮಾತಾಗಿ ಕೇಳುತ್ತದೆ. ಇತ್ತ ಅಜ್ಜ ಕೃತಜ್ಞತೆ ಹೇಳದಿದ್ದರೆ ಮೊಮ್ಮಗನಿಗೆ ಅದು ಉದಾಸೀನವೆನಿಸಬಹುದು.

ಲಿಪಿಯ ಪ್ರಶ್ನೆ

ರೋಮನ್ ಲಿಪಿಯಲ್ಲಿ ಸಾಮಾನ್ಯವಾಗಿ ಬರೆಯುವ ರೀತಿಯಲ್ಲಿ ಅಣ್ಣ ಮತ್ತು ಅನ್ನ, ಹಳ್ಳಿ ಮತ್ತು ಹಲ್ಲಿ ಒಂದೇ ಆಗುತ್ತವೆ. ಕನ್ನಡ ಬಲ್ಲವರು ಸಂದರ್ಭದಿಂದ ಅರ್ಥ ಹಿಡಿಯುತ್ತಾರೆ. ಹೊಸ ಕಲಿಕೆಯವರಿಗೆ ಉಚ್ಚಾರವೇ ತಪ್ಪುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಗಣಕದಲ್ಲಿ ಕನ್ನಡ ಬರೆಯುವುದನ್ನು ಸುಲಭಗೊಳಿಸಿತು. ಯೂನಿಕೋಡ್ ನೆಲೆಯೂರಿದ ಮೇಲೆ ಮೊಬೈಲ್‌ನಲ್ಲೂ ಕನ್ನಡ ಲಿಪಿ ಕೈಗೆಟುಕಿದೆ.

ಆಡುಮಾತಿನ ಪಾಠ

ಬಯಲುಸೀಮೆಯ ಕಡೂರಿಗೂ ಮಲೆನಾಡಿಗೆ ಹೊಂದಿದ ತರೀಕೆರೆಗೂ ಮಾತಿನ ಧಾಟಿ ಒಂದೇ ಅಲ್ಲ. ಒಂದು ಮನೆಯ ‘ಅಮ್ಮ’ ಇನ್ನೊಂದು ಮನೆಯಲ್ಲಿ ‘ಅವ್ವ’. ಇಂತಹ ರೂಪಗಳನ್ನು ಯಾವ ಪಠ್ಯವೂ ಪೂರ್ತಿ ಒದಗಿಸಲಾರದು. ಅವು ಮನೆಯವರಿಂದಲೇ ಬರಬೇಕು. ಮಗುವಿನ ತಪ್ಪಿಗೆ ನಕ್ಕು ಇಂಗ್ಲಿಷಿಗೆ ಹೊರಳುವ ಬದಲು ಸರಿಯಾದ ಮಾತನ್ನು ಧ್ವನಿ ಸಂದೇಶದಲ್ಲಿ ಹೇಳಿ ಕಳುಹಿಸಿದರೆ, ಮಗುವಿಗೆ ಪದದೊಡನೆ ಊರಿನ ಉಚ್ಚಾರವೂ ದೊರೆಯುತ್ತದೆ.