ಸಂಡೂರಿಗೂ ಆರು, ಕಂಪ್ಲಿಗೂ ಆರು!

ಕಳೆದ ಸಲ ಹೊಸಪೇಟೆಗೆ ಹೋದಾಗ ಮಾವ ಗೊಬ್ಬರದಂಗಡಿಯ ಹಳೇ ವಿಬಿ6 ಪ್ರೋಗ್ರಾಂ ತೋರಿಸಿ, ‘ಹೆಸ್ರೆಲ್ಲಾ ಹಾಳಾಗ್ಯಾವ ನೋಡಪ್ಪ’ ಅಂದರು. ಗಿರಾಕಿಗಳ ಪಟ್ಟಿಯನ್ನು ಯಾರೋ ಯೂನಿಕೋಡ್‌ನಲ್ಲಿ ತುಂಬಿಸಿದ್ದರಂತೆ. ಊರಿನ ಕಾಲಂನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ! ಹಂಪಿಗೆ ನಾಲ್ಕು, ಹೊಸಪೇಟೆಗೆ ಏಳು. ಸಂಡೂರಿಗೂ ಕಂಪ್ಲಿಗೂ ಆರಾರು, ಉದ್ರಿ ಯಾವೂರಿನದು?

ಬೈಂಡಿಂಗ್ ತಪ್ಪಿರಬೇಕೆಂದು ಅರ್ಧ ದಿನ ಹುಡುಕಿದೆ. ಆಕ್ಸೆಸ್ ಟೇಬಲ್ ತೆರೆದರೆ ಹೆಸರುಗಳು ಸರಿಯಾಗೇ ಇದ್ದವು. ಕೋಡ್‌ನಲ್ಲಿ ಕಂಪ್ಲಿಯ ಮೊದಲ ಅಕ್ಷರದ ಸಂಖ್ಯೆ ಕೇಳಿದೆ: 3221, ಅಂದರೆ ಸಾಕ್ಷಾತ್ ‘ಕ’. ಕೆಡಿಸಿದ್ದು ಟೆಕ್ಸ್ಟ್‌ಬಾಕ್ಸ್!

ಕನ್ನಡ ಯೂನಿಕೋಡ್ ಸೇರಿದ್ದು 1991ರಲ್ಲಿ. 1998ರ ವಿಬಿ6 ಒಳಗೆ ಯೂನಿಕೋಡ್ ಇಟ್ಟುಕೊಂಡರೂ ಅದರ ಕಂಟ್ರೋಲ್‌ಗಳು ಆನ್ಸಿ ಕೋಡ್‌ಪೇಜನ್ನೇ ನಂಬಿದ್ದವು. ಕನ್ನಡಕ್ಕೆ ವಿಂಡೋಸ್ ಅಂಥ ಕೋಡ್‌ಪೇಜ್ ಕೊಡಲೇ ಇಲ್ಲ. 2001ರ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂದರೂ ಈ ಪೆಟ್ಟಿಗೆಗಳು ಬದಲಾಗಲಿಲ್ಲ. ಅದಕ್ಕೇ ಆಗಿನವರು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಆಕಾರ ಕೂರಿಸಿದ ಫಾಂಟ್ ಬಳಸಿದ್ದು. 2002ರ ಡಾಟ್‌ನೆಟ್‌ನಲ್ಲಿ ಕಂಟ್ರೋಲ್‌ಗಳೂ ಯೂನಿಕೋಡ್ ಕಲಿತವು.

ಹಾಗಾಗಿ ಡಾಟ್‌ನೆಟ್‌ನಲ್ಲಿ ಹೊಸದಾಗಿ ಬರೆದುಕೊಟ್ಟೆ. ಆದರೆ ಅಂಗಡಿಯ ಹುಡುಗ ಒಂದು ಸಾಲಿನ ಊರಿನ ಪೆಟ್ಟಿಗೆಯಲ್ಲಿ ಸ್ಪೇಸ್ ಒತ್ತಿ ಸೇವ್ ಮಾಡಿಬಿಟ್ಟಿದ್ದ. ಬೈಂಡಿಂಗ್ ನಿಷ್ಠೆಯಿಂದ ಆ ಆರು ಚಿಹ್ನೆಗಳನ್ನೇ ಟೇಬಲ್‌ಗೆ ಬರೆದಿತ್ತು. ಸಂಡೂರೋ ಕಂಪ್ಲಿಯೋ ಎಂದು ಕೊನೆಗೆ ಹೇಳಿದ್ದು ಮಾವನ ಕೈಬರಹದ ಖಾತೆ ಪುಸ್ತಕ!

ನಿಮಗೂ ಇಂಥ ಪ್ರಶ್ನಾರ್ಥಕ ಚಿಹ್ನೆಗಳು ಕಾಟ ಕೊಟ್ಟಿದ್ದವಾ?