ಕೊಡೈಕನಾಲಿನ ಸೂರ್ಯಫಲಕಗಳು

1876ರಿಂದ 1878ರವರೆಗೆ ದಕ್ಷಿಣ ಹಿಂದೂಸ್ಥಾನವನ್ನು ಸುಟ್ಟ, ಮೈಸೂರು ಸೀಮೆಯ ಹಿರಿಯರು ಧಾತು ಈಶ್ವರದ ಬರವೆಂದು ಬಹುಕಾಲ ನೆನೆದು ನಡುಗುತ್ತಿದ್ದ ಮಹಾಕ್ಷಾಮಕ್ಕೂ, ಪಳನಿ ಬೆಟ್ಟಗಳ ನೆತ್ತಿಯಲ್ಲಿ ಸೂರ್ಯನ ಬಿಂಬವನ್ನು ದಿನದಿನವೂ ಗಾಜಿನ ಫಲಕಗಳಲ್ಲಿ ಹಿಡಿದು ಕೂಡಿಡುತ್ತ ಬಂದ ಒಂದು ಭಂಡಾರಕ್ಕೂ ಸಂಬಂಧವುಂಟೆಂದರೆ ಕೇಳಿದವರಿಗೆ ವಿಚಿತ್ರವೆನಿಸಬಹುದು. ಆದರೆ ಆ ಭಂಡಾರದ ಹುಟ್ಟು ಈ ಕ್ಷಾಮದಲ್ಲಿಯೇ ಇದೆ. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು 10 ಲಕ್ಷ ಜನ ಅದಕ್ಕೆ ಆಹುತಿಯಾದರೆಂದು ಎಣಿಕೆ. ಮಳೆ ಏಕೆ ತಪ್ಪುತ್ತದೆ, ತಪ್ಪುವುದನ್ನು ಮುಂಚಿತವಾಗಿ ಅರಿಯಲು ಸಾಧ್ಯವೇ ಎಂಬ ಪ್ರಶ್ನೆ ಆಳುವವರನ್ನೂ ಪಂಡಿತರನ್ನೂ ಸಮನಾಗಿ ಕಾಡಿದ ಆ ಕಾಲದಲ್ಲಿ, ಜರ್ಮನಿಯ ಶ್ವಾಬೆ ಎಂಬಾತನು ಹದಿನೇಳು ವರ್ಷ ಸೂರ್ಯಕಲೆಗಳನ್ನು ಎಣಿಸಿ 1843ರಲ್ಲಿ ಪ್ರಕಟಿಸಿದ್ದ ಅವುಗಳ ಏರಿಳಿತದ ಆವರ್ತವು ವಿದ್ವಾಂಸರ ಮನಸ್ಸಿನಲ್ಲಿ ಇನ್ನೂ ಹೊಸದಾಗಿತ್ತು. ಲಾಕಿಯರ್ ಮತ್ತು ಹಂಟರ್ ಎಂಬಿಬ್ಬರು 1877ರಲ್ಲಿ ಸೂರ್ಯಕಲೆಗಳಿಗೂ ಕ್ಷಾಮಗಳಿಗೂ ನಂಟನ್ನು ಕಲ್ಪಿಸಿ ಬರೆದರು. ಕ್ಷಾಮ ವಿಚಾರಣೆಗೆ ನೇಮಕವಾದ ಆಯೋಗವು ಸೂರ್ಯನನ್ನು ಕ್ರಮವಾಗಿ ವೀಕ್ಷಿಸಬೇಕೆಂದು ಸಲಹೆಯಿತ್ತಿತು.

ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು 1792ರಲ್ಲಿ ನೆಲೆಗೊಳಿಸಿದ ವೀಕ್ಷಣಾಲಯವಿದ್ದಿತಾದರೂ ಈ ಕಾರ್ಯಕ್ಕೆ ಬೆಟ್ಟದ ತಿಳಿಯಾದ ಗಾಳಿ ಅಗತ್ಯವಾಗಿತ್ತು. ಮಿಚೀ ಸ್ಮಿತ್ ಎಂಬವರು ಸ್ಥಳಪರೀಕ್ಷೆ ನಡೆಸಿದ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,340 ಮೀಟರ್ ಎತ್ತರದ ಕೊಡೈಕನಾಲು ಆಯ್ಕೆಯಾಯಿತು. 1895ರಲ್ಲಿ ಗವರ್ನರ್ ಲಾರ್ಡ್ ವೆನ್‌ಲಾಕ್ ಅಸ್ತಿಭಾರವಿಟ್ಟರು. 1899ರಲ್ಲಿ ಮದರಾಸಿನ ಕೆಲಸವು ಬೆಟ್ಟವೇರಿತು.

1904ರಿಂದ ಅಲ್ಲಿ ಸೂರ್ಯನ ಸಾಮಾನ್ಯ ಬೆಳಕಿನ ಚಿತ್ರಗಳನ್ನು ಕ್ರಮವಾಗಿ ತೆಗೆಯತೊಡಗಿದರು. ಅನಂತರದ ಕೆಲವೇ ವರ್ಷಗಳಲ್ಲಿ, ಕ್ಯಾಲ್ಸಿಯಂ ಧಾತುವಿನ ಒಂದೇ ಒಂದು ರೋಹಿತರೇಖೆಯ ನೇರಿಳೆ ಬೆಳಕನ್ನು ಮಾತ್ರ ಆಯ್ದು ಬಿಂಬವನ್ನು ಮೂಡಿಸುವ ಸ್ಪೆಕ್ಟ್ರೋಹೀಲಿಯೋಗ್ರಾಫ್ ಎಂಬ ಯಂತ್ರವೂ, 1912ರಿಂದ ಜಲಜನಕದ ಕೆಂಪು ರೇಖೆಯ ಚಿತ್ರಗಳೂ ಜೊತೆಗೂಡಿದವು. 1907ರಲ್ಲಿ ಬಂದು ಸೇರಿದ ಜಾನ್ ಎವರ್‌ಶೆಡ್, 1909ರ ಜನವರಿಯಲ್ಲಿ ಸೂರ್ಯಕಲೆಗಳ ಅಂಚಿನಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದು ವೀಕ್ಷಣಾಲಯದ ಹೆಸರನ್ನು ಲೋಕಕ್ಕೆ ಪರಿಚಯಿಸಿದರು. ಆ ಕೀರ್ತಿ ಸಲ್ಲತಕ್ಕದ್ದೇ ಸರಿ. ಆದರೆ ಯಾವ ಶೋಧದ ನಿರೀಕ್ಷೆಯೂ ಇಲ್ಲದೆ, ಮೋಡವಿಲ್ಲದ ಪ್ರತಿ ಮುಂಜಾನೆಯೂ ಫಲಕವನ್ನು ಹೂಡಿ, ತೊಳೆದು, ಒಣಗಿಸಿ, ತಾರೀಖು ಬರೆದು ಲಕೋಟೆಗೆ ಸೇರಿಸಿದ ಸಹಾಯಕರ ದುಡಿಮೆಯು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಕಿರಿದಾದುದಲ್ಲ. ಇಂದು ಜಗತ್ತು ಕೊಡೈಕನಾಲಿನಿಂದ ಬಯಸಿ ಪಡೆಯುತ್ತಿರುವುದು ಬಹುಮಟ್ಟಿಗೆ ಅವರ ಕೈಯ ಕೆಲಸವನ್ನು.

ಅವರು ಏನನ್ನು ಕೂಡಿಡುತ್ತಿದ್ದರೆಂಬುದು ಅವರಿಗೇ ಪೂರ್ತಿಯಾಗಿ ತಿಳಿದಿರಲಿಲ್ಲವೆಂಬುದು ಈ ಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಭಾಗ. ಸೂರ್ಯಕಲೆಗಳಲ್ಲಿ ಪ್ರಬಲವಾದ ಕಾಂತಕ್ಷೇತ್ರವಿದೆಯೆಂದು ಅಮೆರಿಕದ ಹೇಲ್ ಸಿದ್ಧಪಡಿಸಿದುದು 1908ರಲ್ಲಿ. ಕ್ಯಾಲ್ಸಿಯಂ ಬೆಳಕಿನಲ್ಲಿ ಉಜ್ವಲವಾಗಿ ಕಾಣುವ ಪ್ರದೇಶಗಳು ಕಾಂತಕ್ಷೇತ್ರವಿರುವ ಪ್ರದೇಶಗಳೇ ಎಂಬುದು ಸ್ಪಷ್ಟವಾಗಲು ಮತ್ತೂ ದಶಕಗಳು ಬೇಕಾದವು. ಸೂರ್ಯನ ಇಡೀ ಮುಖದ ಕಾಂತಕ್ಷೇತ್ರವನ್ನು ನೇರವಾಗಿ ಅಳೆಯುವ ಉಪಕರಣಗಳು ಬಂದುದಂತೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆದುದರಿಂದ ಅದಕ್ಕೂ ಹಿಂದಿನ ಐವತ್ತು ವರ್ಷಗಳಲ್ಲಿ ಸೂರ್ಯನ ಕಾಂತಚಟುವಟಿಕೆ ಹೇಗಿತ್ತೆಂದು ವಿವರವಾಗಿ ತಿಳಿಯಬಯಸುವವನು ಈ ಗಾಜುಗಳನ್ನೂ, ಇಂತಹವೇ ಬೇರೆ ಕೆಲವನ್ನೂ ಆಶ್ರಯಿಸಬೇಕಾಗಿದೆ. ಮುಂಗಾರಿನ ಗುಟ್ಟು ಸೂರ್ಯಕಲೆಗಳಲ್ಲಿ ದೊರೆಯಲಿಲ್ಲ. ಆದರೂ ಆ ಆಸೆಯಿಂದ ಆರಂಭವಾದ ದಾಖಲೆ ವ್ಯರ್ಥವಾಗಲಿಲ್ಲ.

ಫಲಕವೊಂದೇ ಉಳಿದರೆ ಸಾಲದು. ಕೊಡೈಕನಾಲಿನ ಯಂತ್ರದಲ್ಲಿ ಸೂರ್ಯನ ಬೆಳಕನ್ನು ಚಲಿಸುವ ಕನ್ನಡಿಯೊಂದು ಹಿಡಿದು ಸ್ಥಿರವಾದ ಮಸೂರಕ್ಕೆ ಕಳುಹಿಸುತ್ತದೆಯಾದ್ದರಿಂದ, ಹೊತ್ತು ಕಳೆದಂತೆ ಬಿಂಬವು ತನ್ನಲ್ಲಿಯೇ ತಿರುಗುತ್ತದೆ. ಸೂರ್ಯನ ಉತ್ತರಧ್ರುವ ಫಲಕದ ಯಾವ ಕಡೆಗಿದೆಯೆಂಬುದನ್ನು ನಿಶ್ಚಯಿಸಲು ಚಿತ್ರ ತೆಗೆದ ವೇಳೆಯು ನಿಮಿಷದವರೆಗೆ ಗೊತ್ತಿರಬೇಕು. ಲಕೋಟೆಯ ಮೇಲೆ ಶಾಯಿಯಲ್ಲಿ ಬರೆದ ಆ ಗಂಟೆ ನಿಮಿಷಗಳು ಅಳಿಸಿಹೋದರೆ ಅಥವಾ ಒಂದಕ್ಕೆ ಬದಲು ಇನ್ನೊಂದಾದರೆ, ಚಿತ್ರವು ಎಷ್ಟೇ ನಿರ್ಮಲವಾಗಿರಲಿ, ಅದರ ಮೇಲಣ ಕಲೆಯೊಂದು ಸೂರ್ಯನ ಯಾವ ಅಕ್ಷಾಂಶದಲ್ಲಿತ್ತೆಂದು ಹೇಳುವ ಮಾತು ಸಂಶಯಾಸ್ಪದವಾಗುತ್ತದೆ. ವಿಳಾಸವಿಲ್ಲದ ಓಲೆಯಂತೆ ಅದು ಕೈಯಲ್ಲಿದ್ದೂ ಯಾರಿಗೂ ಸೇರದು. ಸಂಗ್ರಹಕಾರರು ಇದನ್ನು ಬಲ್ಲವರಾಗಿದ್ದರು. ವೇಳೆಯೊಡನೆ ಧ್ರುವಗಳ ಗುರುತನ್ನೂ ಫಲಕಗಳ ಮೇಲೆ ಹಾಕಿದ್ದಾರೆ.

ಈ ಫಲಕಗಳು ಒಂದೇ ಮನೆಯ ಸ್ವತ್ತಾಗಿಯೂ ಇರಲಿಲ್ಲ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯವು 1874ರಿಂದ 1976ರವರೆಗೆ ಸೂರ್ಯಕಲೆಗಳ ಸ್ಥಾನ ಮತ್ತು ವಿಸ್ತಾರಗಳ ದಿನಚರಿಯನ್ನು ಪ್ರಕಟಿಸಿತಷ್ಟೆ. ಆ ದೇಶದ ಮುಸುಕಿದ ಆಕಾಶದಿಂದ ಬೀಳುತ್ತಿದ್ದ ತೆರಪುಗಳನ್ನು ದಕ್ಷಿಣ ಆಫ್ರಿಕದ ಕೇಪ್, ಮಾರಿಷಸ್, ಡೆಹರಾಡೂನ್ ಮತ್ತು ಕೊಡೈಕನಾಲಿನ ಚಿತ್ರಗಳು ತುಂಬಿದವು. ಒಂದು ಊರಿನ ಮೋಡವು ಇನ್ನೊಂದು ಊರಿನ ಬಿಸಿಲಿನಿಂದ ಪರಿಹಾರವಾಗಬೇಕೆಂಬ ಈ ಏರ್ಪಾಡು ಸಾಮ್ರಾಜ್ಯದ ಆಜ್ಞೆಯ ಬಲದಿಂದಲೇ ನಡೆದುದಾದರೂ, ಅದರ ಫಲವನ್ನು ಎಲ್ಲ ದೇಶಗಳ ಖಗೋಳಜ್ಞರೂ ಉಂಡರು. 1957ರ ಜುಲೈನಿಂದ 1958ರ ಡಿಸೆಂಬರ್‌ವರೆಗೆ ನಡೆದ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಆಜ್ಞೆಯ ಸ್ಥಾನಕ್ಕೆ ಒಪ್ಪಂದ ಬಂದಿತು. ಶೀತಲಸಮರದ ನಟ್ಟನಡುವೆ ಅಮೆರಿಕದಲ್ಲೊಂದು, ರಷ್ಯದಲ್ಲೊಂದು, ಮಿಕ್ಕ ದೇಶಗಳಲ್ಲಿ ಹಂಚಿದಂತೆ ಇನ್ನೊಂದು ಎಂಬಂತೆ ವಿಶ್ವದತ್ತಾಂಶ ಕೇಂದ್ರಗಳನ್ನು ಸ್ಥಾಪಿಸಿ, ಒಂದೇ ದಾಖಲೆಯ ಪ್ರತಿಗಳನ್ನು ಹಲವೆಡೆ ಇರಿಸಿ, ಯಾವ ದೇಶದ ವಿಜ್ಞಾನಿಗೂ ಅವು ದೊರೆಯತಕ್ಕದ್ದೆಂದು ನಿಯಮಿಸಿದುದು ಮನುಷ್ಯನ ವಿವೇಕದ ಬಗ್ಗೆ ಭರವಸೆಯನ್ನು ಹುಟ್ಟಿಸುವ ಘಟನೆ.

1960ರಲ್ಲಿ ವೇಣು ಬಾಪು ಅವರು ಕೊಡೈಕನಾಲಿನ ಹೊಣೆಯನ್ನು ವಹಿಸಿಕೊಂಡರು. 1971ರಲ್ಲಿ ಅದು ಭಾರತೀಯ ಖಗೋಳಭೌತ ಸಂಸ್ಥೆಯೆಂಬ ಸ್ವಾಯತ್ತ ರೂಪವನ್ನು ತಾಳಿ, ಮುಂದೆ ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರವನ್ನು ಮಾಡಿಕೊಂಡಿತು. ಕ್ಯಾಲ್ಸಿಯಂ ಚಿತ್ರಗಳ ಪರಂಪರೆ 2007ರವರೆಗೆ ಸಾಗಿತು. ಒಂದೇ ಯಂತ್ರದಿಂದ ನೂರು ವರ್ಷಗಳ ಚಿತ್ರಗಳು ಎಂಬ ಈ ಏಕರೂಪತೆಯೇ ಅದರ ದೊಡ್ಡ ಸಂಪತ್ತು. ಆದರೆ ಗಾಜು ಒಡೆಯುತ್ತದೆ. ಅದರ ಮೇಲಣ ಜೆಲಟಿನ್ ಲೇಪಕ್ಕೆ ತೇವವೂ ಬೂಷ್ಟೂ ಶತ್ರುಗಳು. ಆದುದರಿಂದ ಪ್ರತಿಯೊಂದು ಫಲಕವನ್ನೂ ಸಮನಾದ ಬೆಳಕಿನೆದುರು ಇಟ್ಟು, ಅಡ್ಡಕ್ಕೂ ಉದ್ದಕ್ಕೂ 4,096 ಬಿಂದುಗಳ ಕ್ಯಾಮರಾದಿಂದ ಪ್ರತಿ ತೆಗೆಯುವ ಮಹಾಕಾರ್ಯವನ್ನು ಸಂಸ್ಥೆ ಕೈಗೊಂಡಿತು.

ಹೀಗೆ ತೆಗೆದ ಚಿತ್ರಗಳನ್ನು ಫಿಟ್ಸ್ ಎಂಬ ಕಡತರೂಪದಲ್ಲಿ ಇರಿಸುತ್ತಾರೆ. 1980ರ ಆಸುಪಾಸಿನಲ್ಲಿ ಖಗೋಳಜ್ಞರು ತಮ್ಮತಮ್ಮೊಳಗೆ ಒಪ್ಪಿ ನಿರ್ಮಿಸಿಕೊಂಡ ಈ ಕಡತದ ತಲೆಯಲ್ಲಿ, ಸಾಲಿಗೆ 80 ಅಕ್ಷರಗಳಂತೆ, ಯಾರೂ ಓದಬಹುದಾದ ಸಾದಾ ಬರಹದಲ್ಲಿ ತಾರೀಖು, ವೇಳೆ, ಉಪಕರಣ ಮೊದಲಾದ ವಿವರಗಳಿರುತ್ತವೆ. ಅವು ಚಿತ್ರವನ್ನು ಬಿಟ್ಟು ಅಗಲುವಂತಿಲ್ಲ. ನಿಯಮಗಳು ಎಷ್ಟು ಬೆಳೆದರೂ ಹಳೆಯ ಕಡತವು ಓದಲಾಗದಂತೆ ಆಗಕೂಡದೆಂದು ಅವರು ಮಾಡಿಕೊಂಡ ಕಟ್ಟಳೆಯನ್ನು ಎಲ್ಲ ಶಾಸ್ತ್ರಗಳವರೂ ಅನುಸರಿಸಬೇಕೆಂದು ನಾನು ಬಯಸುತ್ತೇನೆ.

ಪ್ರತಿಗಳು ಅಂತರಜಾಲದ ಮೂಲಕ ಹೊರಗಿನವರ ಕೈಸೇರಿದಂದಿನಿಂದ ಪರಿಶೀಲನೆಯೂ ತೀವ್ರವಾಗಿದೆ. ಕೆಲವು ಚಿತ್ರಗಳ ವೇಳೆಯಲ್ಲಿ, ಕೆಲವುಗಳ ದಿಕ್ಕಿನಲ್ಲಿ ತಪ್ಪುಗಳು ಹೊರಬಿದ್ದು ತಿದ್ದುಪಡಿ ನಡೆದಿದೆ. ಬೀರುವಿನಲ್ಲಿ ಮುಚ್ಚಿಟ್ಟಿದ್ದರೆ ಅವು ಅಲ್ಲಿಯೇ ಉಳಿಯುತ್ತಿದ್ದವು. ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್‌ನಲ್ಲಿ 1915ರಿಂದ 1985ರವರೆಗೆ ತೆಗೆದ ಚಿತ್ರಗಳನ್ನೂ, ಪ್ಯಾರಿಸ್ಸಿನ ಬಳಿಯ ಮ್ಯೂಡಾನಿನ ಚಿತ್ರಗಳನ್ನೂ ಕೊಡೈಕನಾಲಿನವುಗಳೊಡನೆ ಹೋಲಿಸಿ, ಒಂದರ ತೆರಪನ್ನು ಮತ್ತೊಂದರಿಂದ ಮುಚ್ಚಿ, ಸೂರ್ಯನ ಒಂದು ಶತಮಾನಕ್ಕೂ ಮೀರಿದ ಅಖಂಡ ಚರಿತ್ರೆಯನ್ನು ಕಟ್ಟುವ ಕೆಲಸದಲ್ಲಿ ಇಂದು ಹಲವು ದೇಶಗಳ ವಿದ್ವಾಂಸರು ತೊಡಗಿದ್ದಾರೆ.