ದಾರದ ಮೇಲಿನ ಕೈ: ಬಿಲ್ ಬೇರ್ಡ್ ಕಥೆ

'ದಿ ಸೌಂಡ್ ಆಫ್ ಮ್ಯೂಸಿಕ್' ಸಿನಿಮಾ ನೋಡಿದ್ದೀರಾ? ಮರಿಯಾ ಮತ್ತು ಮಕ್ಕಳು ಮನೆಯಲ್ಲೇ ಗೊಂಬೆಯಾಟ ಆಡಿಸ್ತಾರಲ್ಲ, ಆ ದೃಶ್ಯ ನೆನಪು ಮಾಡ್ಕೊಳ್ಳಿ. ಮೇಕೆ ಕಾಯೋ ಹುಡುಗ, ಕುಣಿಯೋ ಮೇಕೆಗಳು. ಮಕ್ಕಳೇ ದಾರ ಎಳೀತಿದ್ದಾರೆ ಅಂತ ನಾವು ನಂಬಿಬಿಡ್ತೀವಿ.

ನಿಜವಾಗಿ ಆ ಗೊಂಬೆಗಳು ಕುಣಿದದ್ದು ಬಿಲ್ ಬೇರ್ಡ್ ಮತ್ತು ಅವರ ಹೆಂಡತಿ ಕೋರಾ ಬೇರ್ಡ್ ತಂಡದ ಕೈಯಲ್ಲಿ. 1965ರಲ್ಲಿ ಸಿನಿಮಾ ಬಿಡುಗಡೆ ಆದಾಗ ಬಿಲ್‌ಗೆ 60 ವರ್ಷ. ತೆರೆ ಮೇಲೆ ಕೆಲವೇ ನಿಮಿಷ. ಆದರೆ ಆ ಕೈ ಪಳಗಿದ್ದು ಎಲ್ಲಿ? ಇವತ್ತಿನ ಕಥೆ ಅದೇ.

ಬಿಲ್ ಹುಟ್ಟಿದ್ದು 1904ರಲ್ಲಿ, ಅಮೆರಿಕದ ನೆಬ್ರಾಸ್ಕದಲ್ಲಿ. ಬೆಳೆದದ್ದು ಅಯೋವಾದ ಮೇಸನ್ ಸಿಟಿಯಲ್ಲಿ. ಚಿಕ್ಕವರಿದ್ದಾಗ ಅಪ್ಪ ಒಂದು ಗೊಂಬೆ ಮಾಡಿಕೊಟ್ಟಿದ್ದರು. ಹುಚ್ಚು ಅಲ್ಲಿಂದಲೇ ಹಿಡೀತು. ಮುಂದೆ ನ್ಯೂಯಾರ್ಕ್‌ನಲ್ಲಿ ಟೋನಿ ಸಾರ್ಗ್ ಎಂಬ ಹೆಸರಾಂತ ಗೊಂಬೆಯಾಟಗಾರರ ಬಳಿ ಕೆಲಸ ಕಲಿತು, 1930ರ ದಶಕದಲ್ಲಿ ಸ್ವಂತ ತಂಡ ಕಟ್ಟಿದರು.

ಸೂತ್ರದ ಗೊಂಬೆ ಸುಮ್ಮನೆ ಕುಣಿಯಲ್ಲ. ದಾರ ಸ್ವಲ್ಪ ಜಾಸ್ತಿ ಎತ್ತಿದರೆ ಕಾಲು ಗಾಳಿಯಲ್ಲಿ ತೇಲುತ್ತೆ, ಸ್ವಲ್ಪ ಇಳಿಸಿದರೆ ಮಂಡಿ ಮಡಚಿಕೊಳ್ಳುತ್ತೆ. ಗೊಂಬೆಯ ಭಾರವನ್ನು ಬೆರಳು ತಿಳ್ಕೋಬೇಕು. ಸಿನಿಮಾದಲ್ಲಿ ತಪ್ಪಾದರೆ ಇನ್ನೊಂದು ಟೇಕ್ ಇದೆ. ರಂಗದ ಮೇಲೆ ಎದುರಿಗೆ ಜನ ಕೂತಿರ್ತಾರೆ, ತಪ್ಪಿದರೆ ತಪ್ಪಿತು ಅಷ್ಟೇ.

1937ರಲ್ಲಿ ಆರ್ಸನ್ ವೆಲ್ಸ್ ನ್ಯೂಯಾರ್ಕ್‌ನಲ್ಲಿ 'ಡಾಕ್ಟರ್ ಫಾಸ್ಟಸ್' ನಾಟಕ ಮಾಡಿಸಿದಾಗ, ಅದರ ಏಳು ಮಹಾಪಾಪಗಳು ರಂಗಕ್ಕೆ ಬಂದದ್ದು ಬೇರ್ಡ್ ಮಾಡಿದ ಗೊಂಬೆಗಳಾಗಿ. ಅದೇ ನಾಟಕದಲ್ಲಿ ನಟಿಸುತ್ತಿದ್ದ ಕೋರಾ ಅವರನ್ನು ಬಿಲ್ ಅದೇ ವರ್ಷ ಮದುವೆಯಾದರು. ಮುಂದಿನ 30 ವರ್ಷ ಇಬ್ಬರೂ ಜೊತೆಗೇ ಗೊಂಬೆ ಆಡಿಸಿದರು. 1951ರಲ್ಲಿ 'ಫ್ಲಹೂಲಿ' ಎಂಬ ಬ್ರಾಡ್‌ವೇ ಸಂಗೀತ ನಾಟಕಕ್ಕೂ ಅವರದ್ದೇ ಗೊಂಬೆಗಳು. 1962ರಲ್ಲಿ ಅಮೆರಿಕ ಸರ್ಕಾರದ ಸಾಂಸ್ಕೃತಿಕ ಪ್ರವಾಸದಲ್ಲಿ ಅವರ ತಂಡ ಭಾರತಕ್ಕೂ ಬಂದಿತ್ತು!

ಸಿನಿಮಾ ಗೆದ್ದ ಮೇಲೆ ಅವರು ಏನು ಮಾಡಿದರು ಗೊತ್ತಾ? ಹಾಲಿವುಡ್‌ನಲ್ಲಿ ಉಳಿಯಲಿಲ್ಲ. 1967ರಲ್ಲಿ ನ್ಯೂಯಾರ್ಕ್‌ನ ಬ್ಯಾರೋ ಸ್ಟ್ರೀಟ್‌ನಲ್ಲಿ ಗೊಂಬೆಯಾಟಕ್ಕೇ ಅಂತ ಸ್ವಂತ ಥಿಯೇಟರ್ ತೆರೆದರು. ಅದೇ ವರ್ಷದ ಕೊನೆಯಲ್ಲಿ ಕೋರಾ ತೀರಿಕೊಂಡರು. ಬಿಲ್ ಬಾಗಿಲು ಹಾಕಲಿಲ್ಲ. ಇನ್ನೂ ಹತ್ತು ವರ್ಷ ಆಟ ನಡೆಸಿದರು. 1978ರಲ್ಲಿ ಥಿಯೇಟರ್ ಮುಚ್ಚಿತು. 1987ರಲ್ಲಿ ಅವರೂ ಹೋದರು.

ನನ್ನ ತಲೆಯಲ್ಲಿ ಉಳಿದದ್ದು ಒಂದೇ ಮಾತು. ಬ್ಯಾರೋ ಸ್ಟ್ರೀಟ್‌ನ ಆಟಗಳು ಅವತ್ತು ಅಲ್ಲಿ ಕೂತಿದ್ದವರ ಪಾಲಿಗೆ ಮಾತ್ರ. ನಮ್ಮ ಪಾಲಿಗೆ ಸಿಕ್ಕಿದ್ದು ಸಿನಿಮಾದ ಆ ಕೆಲವು ನಿಮಿಷ. ಆದರೆ ಆ ನಿಮಿಷಗಳನ್ನು ದುಡಿದುಕೊಟ್ಟಿದ್ದು, ಅದಕ್ಕೂ ಮೊದಲು ಆಡಿ ಮುಗಿಸಿದ ಮೂವತ್ತು ವರ್ಷದ ಆಟ. ಕಾಣದ ಕೆಲಸ ಅಂದರೆ ವ್ಯರ್ಥ ಕೆಲಸ ಅಲ್ಲ ಕಣ್ರೀ.

ಆ ಮೇಕೆ, ಆ ಹುಡುಗ ಎಲ್ಲ ಈಗ ಬಿಲ್ ಬೆಳೆದ ಮೇಸನ್ ಸಿಟಿಯ ಮ್ಯಾಕ್‌ನೈಡರ್ ಕಲಾ ಮ್ಯೂಸಿಯಂನಲ್ಲಿದ್ದಾರೆ. ಮುಂದಿನ ಸಲ ಸಿನಿಮಾ ನೋಡುವಾಗ ಹಾಡು ಕೇಳ್ತಾ ಕೇಳ್ತಾ ಗೊಂಬೆಗಳ ಕಾಲು ಗಮನಿಸಿ. ನೆಲಕ್ಕೆ ಹೇಗೆ ತಾಕುತ್ತವೆ ನೋಡಿ. ಆಮೇಲೆ ಕಮೆಂಟ್‌ನಲ್ಲಿ ಹೇಳಿ.

#ತೆರೆಯಹಿಂದೆ #ಗೊಂಬೆಯಾಟ #ಇತಿಹಾಸಕನ್ನಡದಲ್ಲಿ